ಬೆನ್ನ ಹಿಂದಿನ ಸೇತುವೆ

ಬೆಟ್ಟಗಳು ಇನ್ನೂ ತಮ್ಮ ತಮ್ಮ ಜಾಗ ಹುಡುಕಿಕೊಂಡು ಓಡಾಡುತ್ತಿದ್ದ ಕಾಲ. ಆ ಕಾಲದಲ್ಲಿ ಕೆಂಬೆಟ್ಟ ಅಂತ ಒಂದು ರಾಜ್ಯ, ಅದಕ್ಕೆ ಮಕರಕೇತು ಅಂತ ಒಬ್ಬ ರಾಜ. ರಾಜ ಒಳ್ಳೆಯವನೇ, ಆದರೆ ಅಂಜುಬುರುಕ. ರಾಜ್ಯದ ಮೂರು ದಿಕ್ಕಿಗೆ ಹೊಲ, ಹಳ್ಳ, ಕುರಿ ಮೇಯುವ ಬಯಲು. ನಾಲ್ಕನೆಯ ದಿಕ್ಕಿಗೆ ಒಂದು ಆಳವಾದ ಕಮರಿ. ಅದರ ತುಂಬ ಹಾಲು ಉಕ್ಕಿದ ಹಾಗೆ ಮಂಜು. ಬಿರುಬೇಸಿಗೆಯ ಮಧ್ಯಾಹ್ನದಲ್ಲೂ ಅದು ಕರಗುತ್ತಿರಲಿಲ್ಲ. ಆಚೆ ಏನಿದೆ ಅಂತ ಕಂಡವರಿಲ್ಲ. ಜನ ಅದಕ್ಕೆ ಬಿಳಿಕಮರಿ ಅಂತ ಹೆಸರಿಟ್ಟು, ಆ ಕಡೆ ತಲೆ ಹಾಕದೆ ಇದ್ದುಬಿಟ್ಟಿದ್ದರು.

ಕಮರಿಯ ದಂಡೆಯ ಮೇಲೆ, ಊರಿಂದ ಒಂದು ಕೂಗಳತೆಯಲ್ಲಿ, ಹಗ್ಗ ಹೊಸೆಯುವ ಅಕ್ಕ ತಮ್ಮ ಇದ್ದರು. ಅಕ್ಕ ದ್ಯಾವೀರಿ, ತಮ್ಮ ಜಡೆಯ. ಅಪ್ಪ ಅವ್ವ ತೀರಿಹೋದ ಮೇಲೆ ಅವನಿಗೆ ಅನ್ನ ಕಲಸಿ ಹಾಕಿದವಳು, ಮೈ ತಿಕ್ಕಿ ಸ್ನಾನ ಮಾಡಿಸಿದವಳು, ಬೆತ್ತ ಹಿಡಿದು ಕೆಲಸ ಕಲಿಸಿದವಳು ಎಲ್ಲ ಅವಳೇ. ಹಗ್ಗ ಹೊಸೆಯಲು ಉದ್ದನೆಯ ಬಯಲು ಬೇಕು. ಊರೊಳಗೆ ಅಂಥ ಜಾಗ ಇಲ್ಲ. ಅದಕ್ಕೇ ಅವರು ದಂಡೆಗೆ ಬಂದು ನೆಲೆಸಿದ್ದರು.

ಹಗ್ಗದ ಕೆಲಸ ಒಬ್ಬರ ಕೈಯಲ್ಲಿ ಆಗುವುದಲ್ಲ. ಅಕ್ಕ ಒಂದು ಕಡೆ ಕೂತು ರಾಟೆ ತಿರುಗಿಸುತ್ತಾಳೆ. ತಮ್ಮ ಪುಂಡಿ ನಾರಿನ ಕಟ್ಟನ್ನು ಸೊಂಟಕ್ಕೆ ಸುತ್ತಿಕೊಂಡು, ನಾರಿನ ತುದಿಯನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ಬೆರಳಲ್ಲಿ ಎಳೆ ಎಳೆಯಾಗಿ ನಾರು ಬಿಡುತ್ತ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾನೆ. ಹಗ್ಗ ಉದ್ದವಾದಷ್ಟೂ ಅವನು ದೂರ ದೂರ. ಅವನ ಕಣ್ಣಿಗೆ ಕಾಣುವುದು ಹೊಸೆದ ಹಗ್ಗ, ಅದರ ಆ ತುದಿಯಲ್ಲಿ ಅಕ್ಕ. ಕಾಲು ಹೋಗುವ ಕಡೆ ಕಾಣುವುದಿಲ್ಲ, ತಿರುಗಿ ನೋಡಿದರೆ ಹುರಿ ಕೆಡುತ್ತದೆ. ಹಾಗಾಗಿ ನೋಡುವ ಕೆಲಸ ಅಕ್ಕನದು.

"ನೆಲ ಐತೆ, ಹೋಗು!" ಅಂತ ಅವಳು ಕೂಗುತ್ತಾಳೆ.

"ಹೋದೆ ಅಕ್ಕ!" ಅಂತ ಅವನು ಹೆಜ್ಜೆ ಇಡುತ್ತಾನೆ.

ಇಷ್ಟು ವರ್ಷದಲ್ಲಿ ಅವಳು ಮೋಸ ಮಾಡಿದ್ದು ಒಂದೇ ಸಲ. ಯಾರದೋ ಎಮ್ಮೆ ಬಂದು ಮಲಗಿದ್ದಾಗ ಬೇಕಂತಲೇ "ನೆಲ ಐತೆ" ಅಂದುಬಿಟ್ಟಳು. ಜಡೆಯ ಹೋಗಿ ಎಮ್ಮೆಯ ಮೇಲೆ ಕೂತ. ಎಮ್ಮೆ ಎದ್ದು ಓಡಿತು, ಇವನೂ ಅದರ ಜೊತೆಗೇ ಹೋದ. ಅವಳು ಮೂರು ದಿನ ನಕ್ಕಳು.

ಹೀಗಿರುವಾಗ ಆ ರಾಜ್ಯಕ್ಕೆ ಒಬ್ಬ ಮಾಂತ್ರಿಕ ಬಂದ. ಎಲ್ಲಿಂದ ಬಂದ, ಯಾರಿಗೂ ತಿಳಿಯದು. ಊರಬಾಗಿಲಲ್ಲಿ ಕಂಬಳಿ ಹಾಸಿ, ಒಂದು ಕಂಚಿನ ಬೋಗುಣಿ ಇಟ್ಟುಕೊಂಡು ಕೂತ. ಬೋಗುಣಿ ತುಂಬ ಕಪ್ಪು ನೀರು. ಬಗ್ಗಿ ನೋಡಿದವರಿಗೆ ಅವರ ನಾಳೆ ಕಾಣುತ್ತಿತ್ತು. ಅದಕ್ಕೇ ಜನ ಅವನನ್ನು ನಾಳೆಗಾರ ಅಂದರು.

"ಕಾಸು ಬೇಡ ತಾಯಿ, ಕಾಳು ಬೇಡ," ಅನ್ನುತ್ತಿದ್ದ ಅವನು, ಬೆಲ್ಲದಂಥ ದನಿಯಲ್ಲಿ. "ಒಂದು ಹೆಜ್ಜೆ ಕೊಡಿ, ಸಾಕು."

ಜನ ನಕ್ಕರು. ಒಂದು ಹೆಜ್ಜೆಯಂತೆ! ಮನೆಯಿಂದ ಬಾವಿಗೆ ಹೋಗಿ ಬರುವುದರಲ್ಲಿ ಎಷ್ಟು ಹೆಜ್ಜೆ ಬೀಳುವುದಿಲ್ಲ? ತಗೋ ಅಂದರು. ನಾಳೆಗಾರ ಅವರ ಹಿಮ್ಮಡಿಯ ಕೆಳಗಿನ ಮಣ್ಣನ್ನು ಒಂದು ಚಿಟಿಕೆ ತೆಗೆದು ಬಟ್ಟೆಯಲ್ಲಿ ಗಂಟು ಹಾಕುತ್ತಿದ್ದ. ಅಷ್ಟೇ ವ್ಯಾಪಾರ.

ಬೋಗುಣಿ ಸುಳ್ಳು ಹೇಳುತ್ತಿರಲಿಲ್ಲ, ಆದರೆ ಹೆದರಿಸುವುದನ್ನು ಮಾತ್ರ ತೋರಿಸುತ್ತಿತ್ತು. ಕುರುಬ ಬಗ್ಗಿ ನೋಡಿದ, ತೋಳ ಕಂಡಿತು. ಕುರಿಗಳನ್ನು ಹಟ್ಟಿಯಿಂದ ಬಿಡಲೇ ಇಲ್ಲ, ಅವು ಹಟ್ಟಿಯಲ್ಲೇ ಸೊರಗಿದವು. ಮದುವೆ ಹೆಣ್ಣು ಬಗ್ಗಿ ನೋಡಿದಳು, ಗಂಡನ ಸಿಡುಕು ಮೋರೆ ಕಂಡಿತು. ಚಪ್ಪರ ಕಿತ್ತುಹಾಕಿಸಿದಳು. ರೈತ ಬಗ್ಗಿ ನೋಡಿದ, ಹುಳು ಹತ್ತಿದ ಪೈರು ಕಂಡಿತು. ಬೀಜದ ಮೂಟೆ ಬಿಚ್ಚಲೇ ಇಲ್ಲ. ರಾಜ ಮಕರಕೇತು ದಿನಾ ಬೋಗುಣಿ ತರಿಸಿಕೊಂಡು ನೋಡುತ್ತಿದ್ದ. ಕುದುರೆಯಿಂದ ಬೀಳುವ ಹಾಗೆ ಕಂಡಿತು, ಕುದುರೆಗಳನ್ನೆಲ್ಲ ಕಾಡಿಗೆ ಬಿಟ್ಟ. ಮೆಟ್ಟಿಲಿಂದ ಬೀಳುವ ಹಾಗೆ ಕಂಡಿತು, ಸಿಂಹಾಸನದಿಂದ ಇಳಿಯುವುದನ್ನೇ ಬಿಟ್ಟ.

ಹಾಗೆ ನೋಡುತ್ತ ನೋಡುತ್ತ ಒಬ್ಬೊಬ್ಬರ ಹೆಜ್ಜೆಯೂ ಮುಗಿಯಿತು. ಮುಗಿದವರು ಎಲ್ಲಿದ್ದರೋ ಅಲ್ಲೇ ನಿಂತರು. ಪಾದಕ್ಕೆ ಬೇರು ಬಂತು. ಶೆಟ್ಟಿ ಅಂಗಡಿಯಲ್ಲಿ ನಿಂತ, ಅವನಿಗೇನೂ ತೊಂದರೆ ಆಗಲಿಲ್ಲ. ಒಬ್ಬ ಕಳ್ಳ ಯಾರದೋ ಮನೆಯ ಚಿಲಕಕ್ಕೆ ಕೈ ಹಾಕಿದವನು ಹಾಗೇ ನಿಂತ. ಮನೆಯಾಕೆ ಬೈಯುತ್ತಲೇ ಅವನಿಗೆ ಎರಡು ಹೊತ್ತು ಮುದ್ದೆ ಹಾಕುತ್ತಿದ್ದಳು. ನಿಂತವರ ಕಾಲಿಗೆ ತೊಗಟೆ ಹತ್ತುತ್ತಿತ್ತು. ತೊಗಟೆ ಕೊರಳಿಗೆ ಬಂದರೆ ಮಾತು ನಿಲ್ಲುತ್ತಿತ್ತು. ನೆತ್ತಿಗೆ ಬಂದರೆ ಎಲೆ ಚಿಗುರುತ್ತಿತ್ತು. ಊರಬಾಗಿಲ ಎರಡೂ ಬದಿಗೆ ಹೊಸ ಮರಗಳು ಸಾಲಾಗಿ ನಿಂತವು.

ದ್ಯಾವೀರಿ ಆ ಬೋಗುಣಿಯ ಹತ್ತಿರ ಸುಳಿದವಳಲ್ಲ. "ನಾಳೆ ನಾಳೆಗೆ ಗೊತ್ತಾಗ್ತದೆ, ಇವತ್ತು ಹಗ್ಗ ಹೊಸೆಯೋದು ಐತೆ," ಅನ್ನುತ್ತಿದ್ದಳು. ಆದರೆ ಆ ವರ್ಷ ಜಡೆಯನಿಗೆ ಕೆಟ್ಟ ಜ್ವರ ಬಂತು. ಮೈ ಬಾಣಲೆಯ ಹಾಗೆ ಕಾಯುತ್ತಿತ್ತು, ಅಕ್ಕನ ಗುರುತೂ ಸಿಗುತ್ತಿರಲಿಲ್ಲ. ಆಗ ಅವಳು ಓಡಿದಳು. ನಾಳೆ ನನ್ನ ತಮ್ಮ ಇರ್ತಾನಾ ಅಂತ ನೋಡಿದಳು. ಮಲಗಿದ ತಮ್ಮ ಕಂಡ. ಉಸಿರಾಡುತ್ತಿದ್ದಾನೋ ಇಲ್ಲವೋ ಗೊತ್ತಾಗಲಿಲ್ಲ. ಸಂಜೆ ಮತ್ತೆ ಓಡಿದಳು. ಬೆಳಿಗ್ಗೆ ಮತ್ತೆ. ಹೆದರಿಕೆ ಹೆಚ್ಚಾದಷ್ಟೂ ನಾಳೆಗಾರ ಚಿಟಿಕೆ ಬಿಟ್ಟು ಹಿಡಿ, ಹಿಡಿ ಬಿಟ್ಟು ಬೊಗಸೆ ಮಣ್ಣು ತೆಗೆಯುತ್ತಿದ್ದ.

ಜಡೆಯನ ಜ್ವರ ಇಳಿಯಿತು. ಅವನು ಎದ್ದು ಕೂತು ಗಂಜಿ ಕುಡಿದ ದಿನ, ದ್ಯಾವೀರಿ ಸಂತೋಷದಿಂದ ರಾಟೆಯ ಧೂಳು ಒರೆಸಲು ಹೋದಳು. ಹೋದವಳು ವಾಪಸು ಬರಲಿಲ್ಲ. ರಾಟೆಯ ಪಕ್ಕದಲ್ಲೇ ಅವಳ ಪಾದಕ್ಕೆ ಬೇರು ಬಂದಿತ್ತು.

ಜಡೆಯ ಹಾರೆ ತಂದು ಅಗೆಯಲು ಹೋದ. ಮೊದಲ ಏಟಿಗೇ ಬೇರಿನಿಂದ ರಕ್ತ ಬಂತು. ಹಾರೆ ಬಿಸಾಕಿ ಅಳುತ್ತ ಕೂತ.

"ಅಳಬೇಡ ಕಣೋ," ಅಂದಳು ದ್ಯಾವೀರಿ. "ಮರ ಆದರೆ ಆಗ್ತೀನಿ. ನೀನು ನನ್ನ ನೆರಳಲ್ಲಿ ಕೂತು ಉಣ್ಣು."

"ನಿನ್ನ ನೆರಳು ಯಾವನಿಗೆ ಬೇಕು?" ಅಂದ ಜಡೆಯ. "ನಿನ್ನ ಬೈಗಳ ಬೇಕು ನಂಗೆ."

ಮಾರನೆಯ ದಿನ ತೊಗಟೆ ಮೊಣಕಾಲಿಗೆ ಬಂತು. ಅದರ ಮಾರನೆಯ ದಿನ ಸೊಂಟಕ್ಕೆ ಬಂತು.

ಜಡೆಯ ಏನು ಮಾಡಲೂ ತೋಚದೆ ದಂಡೆಯ ಉದ್ದಕ್ಕೂ ತಿರುಗುತ್ತಿದ್ದ. ಅಲ್ಲೊಂದು ಬಂಡೆಯ ಸಂದಿಯಲ್ಲಿ ಒಂದು ದೊಡ್ಡ ಉಡ ಉರುಲಿಗೆ ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಉರುಲು ಹಾಕಿದ ಬೇಟೆಗಾರ ಎಲ್ಲೋ ಮರವಾಗಿ ನಿಂತಿದ್ದ. ಜಡೆಯ ಕೂತು ಗಂಟು ಬಿಚ್ಚಿದ.

"ನಿಮ್ಮದೇ ಹಗ್ಗ," ಅಂದಿತು ಉಡ. "ಏನು ಗಟ್ಟಿ ಮಾರಾಯ! ಹಲ್ಲು ಹೋಯ್ತು ನಂದು."

"ಅಕ್ಕ ರಾಟೆ ತಿರುಗಿಸಿದ ಹಗ್ಗ ಅದು," ಅಂದ ಜಡೆಯ. ಅಕ್ಕನಿಗೆ ಆದದ್ದೆಲ್ಲ ಹೇಳಿಕೊಂಡ.

ಉಡ ನಾಲಿಗೆ ಆಡಿಸಿತು. ಆಮೇಲೆ ಹೇಳಿತು. "ನಾನು ಈ ಗೋಡೆಗೆ ಅಂಟಿಕೊಂಡೇ ಮುದುಕನಾದೆ, ಎಲ್ಲ ನೋಡಿದೀನಿ. ನಾಳೆಗಾರ ದಿನಾ ಆ ಮಣ್ಣಿನ ಗಂಟು ಬಿಚ್ಚಿ ಊದ್ತಾನೆ. ಒಂದೊಂದು ಹೆಜ್ಜೆಯೂ ಒಂದೊಂದು ಬಿಳಿ ಕುರಿಮರಿ ಆಗ್ತದೆ. ಅವನ್ನೆಲ್ಲ ಕಮರಿಯ ಆಚೆಗೆ ಹೊಡಕೊಂಡು ಹೋಗಿ ದೊಡ್ಡಿಯಲ್ಲಿ ಕೂಡ್ತಾನೆ. ಅವನಿಗೆ ಸ್ವಂತದ ಹೆಜ್ಜೆ ಒಂದೂ ಇಲ್ಲ. ಆ ಮರಿಗಳ ಬಲದಲ್ಲೇ ಅವನು ನಡೆಯೋದು. ದೊಡ್ಡಿ ಬಾಗಿಲು ತೆಗೆದರೆ ಮರಿಗಳು ತಮ್ಮ ತಮ್ಮ ಕಾಲು ಹುಡುಕಿಕೊಂಡು ಬರ್ತವೆ."

"ಆಚೆಗೆ ಹೋಗೋದು ಹೇಗೆ?"

"ಸೇತುವೆ ಐತೆ. ನೋಡಿದರೆ ಇರಲ್ಲ, ನೋಡದಿದ್ದರೆ ಇರ್ತದೆ."

"ಕಣ್ಣು ಮುಚ್ಚಿಕೊಂಡು ಹೋದರೆ?"

"ಹಾಗೆ ಹೋದವರೂ ಅವರೆ. ಕಣ್ಣು ಮುಚ್ಚಿದವನು ನೆಟ್ಟಗೆ ನಡೀತಾನಾ? ಸೇತುವೆ ಒಂದು ಮೊಳ ಅಗಲ. ಸೊಟ್ಟ ಹೋಗಿ ಬಿದ್ದರು, ಅಷ್ಟೇ. ನಾಳೆಗಾರ ಮರಿಯ ಬಾಲ ಹಿಡಕೊಂಡು ದಾಟ್ತಾನೆ. ಮರಿಗೆ ಸೊಟ್ಟ ಗೊತ್ತಿಲ್ಲ. ನಿನ್ನ ಹತ್ತಿರ ಮರಿ ಎಲ್ಲಿದೆ?"

ಜಡೆಯ ತಲೆ ಕೆರೆದುಕೊಂಡ. ಆಮೇಲೆ ಮೆಲ್ಲಗೆ ನಕ್ಕ. "ನೋಡದೆ, ನೆಟ್ಟಗೆ, ಬೆನ್ನು ಮುಂದೆ ಮಾಡಿಕೊಂಡು ನಡೆಯೋದು ತಾನೇ? ನಾನು ಹುಟ್ಟಿದಾಗಿನಿಂದ ಮಾಡ್ತಿರೋದು ಅದೇ ಅಲ್ವಾ? ಬಿಗಿಯಾದ ಹಗ್ಗ ಸೊಟ್ಟ ಹೋಗೋಕೆ ಬಿಡಲ್ಲ."

"ಕಾಲ ಕೆಳಗೂ ನೋಡಬೇಡ," ಅಂತ ಹೇಳಿ ಉಡ ಬಂಡೆಯ ಸಂದಿಗೆ ಇಳಿದು ಹೋಯಿತು.

ಮನೆಯಲ್ಲಿದ್ದ ನಾರನ್ನೆಲ್ಲ ಜಡೆಯ ಸೊಂಟಕ್ಕೆ ಸುತ್ತಿಕೊಂಡ. ರಾಟೆಯನ್ನು ಅಕ್ಕನ ಕೈಗೆ ಎಟುಕುವ ಹಾಗೆ ದಂಡೆಯ ಕಡೆಗೆ ತಿರುಗಿಸಿಟ್ಟ. ದ್ಯಾವೀರಿ ಬೈದಳು, ಅತ್ತಳು, ಮತ್ತೆ ಬೈದಳು. ಕೊನೆಗೆ ರಾಟೆಯ ಹಿಡಿ ಹಿಡಿದುಕೊಂಡಳು. ತೊಗಟೆ ಅವಳ ಪಕ್ಕೆಯವರೆಗೆ ಬಂದಿತ್ತು.

ಅಷ್ಟರಲ್ಲಿ ಬೋಗುಣಿ ಎತ್ತಿಕೊಂಡು ನಾಳೆಗಾರ ಬಂದ. ಅವನಿಗೆ ಹೇಗೋ ಸುದ್ದಿ ಮುಟ್ಟಿತ್ತು.

"ದೊಡ್ಡ ಪ್ರಯಾಣ ಹೊರಟಂತಿದೆ," ಅಂದ, ನಗುತ್ತ. "ಇಂಥದ್ದಕ್ಕೆ ಹೊರಡುವ ಮುಂಚೆ ಒಂದು ಸಲ ನೋಡಿಕೊಂಡು ಹೋಗೋದು ಒಳ್ಳೇದಪ್ಪ. ದಾಟ್ತೀಯೋ, ಬೀಳ್ತೀಯೋ? ಒಂದೇ ಹೆಜ್ಜೆ."

ಜಡೆಯನ ಕಣ್ಣು ಬೋಗುಣಿಯ ಕಡೆ ಹೋಯಿತು. ಸುಳ್ಳೇಕೆ, ಅವನ ಕುತ್ತಿಗೆಯೂ ಒಂದಿಷ್ಟು ಬಗ್ಗಿತು. ಆಮೇಲೆ ಅವನು ನೆಟ್ಟಗೆ ನಿಂತ.

"ಸ್ವಾಮಿ, ಬೀಳ್ತೀನಿ ಅಂತ ಕಂಡರೂ ನಾನು ಹೋಗಲೇಬೇಕು. ಅಕ್ಕ ಮರ ಆಗ್ತಾ ಅವಳೆ. ದಾಟ್ತೀನಿ ಅಂತ ಕಂಡರೂ ಹೋಗಲೇಬೇಕು. ಮತ್ತೆ ನೋಡಿ ಆಗೋದೇನು?"

ನಾಳೆಗಾರ ಬೋಗುಣಿ ಹಿಂದಕ್ಕೆ ತೆಗೆದ. ಆ ಮಾತನ್ನು ಅವನಿಗೆ ಯಾರೂ ಅಂದಿರಲಿಲ್ಲ.

ಜಡೆಯ ನಾರಿನ ತುದಿಯನ್ನು ಕೊಕ್ಕೆಗೆ ಸಿಕ್ಕಿಸಿದ. ಅಕ್ಕನ ಕಡೆ ಮುಖ, ಕಮರಿಯ ಕಡೆ ಬೆನ್ನು. ರಾಟೆ ಕಿರ್ರೋ ಅಂತು.

"ನೆಲ ಐತೆ, ಹೋಗು!" ದ್ಯಾವೀರಿ ಕೂಗಿದಳು.

"ಹೋದೆ ಅಕ್ಕ!"

ಹಿಮ್ಮಡಿ ದಂಡೆ ದಾಟಿ ಗಾಳಿಗೆ ಇಳಿಯಿತು. ಇಳಿಯಿತು, ಇಳಿಯಿತು, ಆಮೇಲೆ ತಣ್ಣನೆಯ ಕಲ್ಲಿನ ಮೇಲೆ ಕೂತಿತು. ಸೇತುವೆ ಇತ್ತು.

ಮಂಜು ಅವನನ್ನು ನುಂಗಿತು. ಮೊದಲು ಊರು ಹೋಯಿತು, ಆಮೇಲೆ ದಂಡೆ ಹೋಯಿತು, ಆಮೇಲೆ ಅಕ್ಕನೂ ಹೋದಳು. ಕಣ್ಣ ಮುಂದೆ ಬಿಳಿಗೆ ಬಿಳಿ, ಅದರೊಳಗಿಂದ ಬರುವ ಹಗ್ಗ, ಅಷ್ಟೇ. ಕೂಗು ಮಾತ್ರ ಕೇಳುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಅವನಿಗೆ ಒಂದು ಅನುಮಾನ ಬಂತು.

"ಅಕ್ಕಾ! ನಿಂಗೆ ನಾನು ಕಾಣ್ತಿದೀನಾ?"

"ಇಲ್ಲ ಕಣೋ! ಮಂಜು!"

"ಮತ್ತೆ ನೆಲ ಐತೆ ಅಂತೀಯ?"

"ನೀನಿನ್ನೂ ಮಾತಾಡ್ತಿದೀಯಲ್ಲ, ಅದಕ್ಕೇ ಅಂತೀನಿ! ಸುಮ್ನೆ ಹೋಗು!"

ಮಂಜಿನೊಳಗೆ ಜಡೆಯನಿಗೆ ನಗು ಬಂತು. ನಗುತ್ತಲೇ ಹಿಂದಕ್ಕೆ ಹೆಜ್ಜೆ ಇಟ್ಟ.

ಆಗ ಬೆನ್ನ ಹಿಂದೆ ಬಿಸಿಯುಸಿರು ಬಡಿಯಿತು. ಹಸಿ ಮಾಂಸದ ವಾಸನೆ. ನಾಳೆಗಾರ ಸೇತುವೆಗೆ ಕಾವಲಿಟ್ಟ ಹುಲಿ ಅದು.

"ನಿಲ್ಲು," ಅಂದಿತು ಹುಲಿ. "ಇನ್ನೊಂದು ಹೆಜ್ಜೆ ಇಟ್ಟರೆ ನನ್ನ ಬಾಯೊಳಗೇ ಇಡ್ತೀಯ. ತಿರುಗಿ ನೋಡು ಬೇಕಾದರೆ."

ಜಡೆಯನ ಬೆವರು ಬೆನ್ನಹುರಿಯ ಮೇಲೆ ಇಳಿಯಿತು. ಕುತ್ತಿಗೆ ತಿರುಗಲಿಲ್ಲ. "ಹುಲಿರಾಯ, ನಾನು ತಿರುಗೋ ಹಾಗಿಲ್ಲ. ತಿರುಗಿದರೆ ಹುರಿ ಕೆಡ್ತದೆ, ಅಕ್ಕ ಬೈತಾಳೆ."

"ಅಯ್ಯೋ, ಇದೇನಯ್ಯ! ಎಲ್ಲರೂ ಮುಖ ತೋರಿಸಿಕೊಂಡು ಬರ್ತಾರೆ, ನೀನು ತಿಕ ತೋರಿಸಿಕೊಂಡು ಬರ್ತಿದೀಯಲ್ಲ! ಕಣ್ಣಲ್ಲಿ ಭಯ ಕಂಡರೆ ಮಾತ್ರ ತಿನ್ನು ಅಂತ ನನಗೆ ಮಂತ್ರ ಹಾಕವ್ನೆ. ನಿನ್ನ ಕಣ್ಣು ಎಲ್ಲಿ?"

"ಈ ಕಡೆ."

"ಈ ಕಡೆ ತಿರುಗಿಸು."

"ಆಗಲ್ಲ."

ಹುಲಿ ಗುರುಗುಟ್ಟಿತು. ಸೇತುವೆ ಮೊಳದಗಲ, ಅದಕ್ಕೆ ಇವನನ್ನು ದಾಟಿ ಮುಂದೆ ಬರಲೂ ಜಾಗ ಇಲ್ಲ. ಜಡೆಯ ಒಂದು ಹೆಜ್ಜೆ ಹಿಂದಿಟ್ಟ. ಹುಲಿ ಒಂದು ಹೆಜ್ಜೆ ಹಿಂದೆ ಸರಿಯಿತು. ಅವನು ಮತ್ತೊಂದು ಇಟ್ಟ, ಅದು ಮತ್ತೊಂದು ಸರಿಯಿತು. ಹೀಗೆ ಅವನ ಬೆನ್ನಿಗೆ ಹೆದರಿ ಹೆದರಿ ಹೋಗಿ ಕೊನೆಗೆ ಬೇಸತ್ತು, "ಈ ಕೆಲಸವೇ ಬೇಡ," ಅಂತ ಬೈದುಕೊಂಡು ಮಂಜಿನಲ್ಲಿ ಕರಗಿತು.

ಇನ್ನಷ್ಟು ದೂರ ಹೋದ ಮೇಲೆ ಅಕ್ಕನ ಕೂಗು ಸಣ್ಣದಾಯಿತು. ಆಮೇಲೆ ನಿಂತಿತು. ಆಗ ಇದ್ದಕ್ಕಿದ್ದ ಹಾಗೆ ಕಿವಿಯ ಪಕ್ಕದಲ್ಲೇ ದ್ಯಾವೀರಿಯ ದನಿ.

"ಜಡೆಯ! ನಿಲ್ಲೋ! ಹಗ್ಗ ಕಿತ್ತು ಹೋಯ್ತು! ಮುಂದೆ ಕಲ್ಲಿಲ್ಲ! ಕೆಳಗೆ ನೋಡು, ಕೆಳಗೆ ನೋಡು!"

ದನಿ ಅವಳದೇ. ರಾಗ ಅವಳದೇ. ಸಿಟ್ಟು ಬಂದಾಗ ಹೆಸರನ್ನು ಎಳೆಯುವುದೂ ಅವಳದೇ. ಜಡೆಯ ನಿಂತ. ಗಲ್ಲ ಎದೆಗೆ ಇಳಿಯಬೇಕು, ಅಷ್ಟರಲ್ಲಿ ಅವನ ಬೆರಳು ಹೇಳಿತು. ನಾರು ಇನ್ನೂ ಹುರಿಗೊಳ್ಳುತ್ತಿತ್ತು. ಬಲಕ್ಕೆ, ಬಲಕ್ಕೆ, ಒಂದೇ ಸಮ. ಸುಸ್ತಾದಾಗ ಸ್ವಲ್ಪ ನಿಧಾನ, ಉಸಿರು ತಗೊಂಡು ಮತ್ತೆ ಜೋರು. ಆ ಕೈಯನ್ನು ಅವನು ಕತ್ತಲಲ್ಲೂ ಗುರುತು ಹಿಡಿಯಬಲ್ಲ. ಅಕ್ಕ ಅಲ್ಲಿ ರಾಟೆ ತಿರುಗಿಸುತ್ತಿದ್ದಳು. ಹಗ್ಗ ಕಿತ್ತಿರಲಿಲ್ಲ.

"ದನಿ ಚೆನ್ನಾಗಿ ಕಲಿತಿದೀಯ," ಅಂದ ಅವನು ಮಂಜಿಗೆ. "ಕೈ ಕಲಿತಿಲ್ಲ."

ದನಿ ಹಾವಿನ ಹಾಗೆ ಬುಸುಗುಟ್ಟಿ ಸುಮ್ಮನಾಯಿತು.

ಮೂರನೆಯ ಪರೀಕ್ಷೆ ಎಲ್ಲಕ್ಕಿಂತ ಕಷ್ಟದ್ದು. ಅದರಲ್ಲಿ ಹುಲಿಯೂ ಇಲ್ಲ, ದನಿಯೂ ಇಲ್ಲ. ನಾರು ಮುಗಿಯುತ್ತ ಬಂತು. ಜಡೆಯ ಸೊಂಟ ತಡವಿದ, ಬರಿ ಪಂಚೆ. ಮುಂಡಾಸು ಬಿಚ್ಚಿ ಸೀಳಿ ಎಳೆ ಮಾಡಿ ಬಿಟ್ಟ. ಅದೂ ಮುಗಿಯಿತು. ಹೊದ್ದ ವಲ್ಲಿಯನ್ನು ಸೀಳಿದ, ಮುಗಿಯಿತು. ಹಗ್ಗದ ತುದಿ ಎರಡು ಬೆರಳ ನಡುವೆ ಉಳಿಯಿತು. ಹಿಂದೆ ದಡ ಎಷ್ಟು ದೂರ? ಒಂದು ಹೆಜ್ಜೆಯೋ, ಒಂದು ಹರದಾರಿಯೋ? ಯಾರನ್ನು ಕೇಳುವುದು?

ಹಗ್ಗ ಹೊಸೆಯುವವರಿಗೆ ಒಂದು ಕಟ್ಟಳೆ ಇದೆ. ರಾಟೆ ತಿರುಗುವಾಗ ತುದಿ ಬಿಡಬಾರದು. ಬಿಟ್ಟರೆ ಹುರಿಯೆಲ್ಲ ಬಿಚ್ಚಿ ಸುರುಳಿ ಸುರುಳಿಯಾಗಿ ಬೀಳುತ್ತದೆ. ಆಚೆ ಕೂತವರಿಗೆ, ಇವನು ಸತ್ತನೋ ಬಿದ್ದನೋ ಅನ್ನಿಸುತ್ತದೆ. ಜಡೆಯ ತುದಿ ಹಿಡಿದು ಬಹಳ ಹೊತ್ತು ನಿಂತ. ಹಿಡಿದುಕೊಂಡೇ ವಾಪಸು ಹೋಗಬಹುದು. ಹೋದರೆ ಅಕ್ಕ ಸಿಗುತ್ತಾಳೆ, ಮರವಾಗಿ.

"ತಪ್ಪಾಯ್ತು ಅಕ್ಕ," ಅಂದ. ತುದಿಗೆ ಒಂದು ಮುತ್ತು ಕೊಟ್ಟ. ಬಿಟ್ಟ.

ಈಗ ಹಿಡಿದುಕೊಳ್ಳಲು ಏನೂ ಇಲ್ಲ. ಕೂಗುವವರೂ ಇಲ್ಲ. ತನಗೆ ತಾನೇ ಕೂಗಿಕೊಂಡ, "ನೆಲ ಐತೆ, ಹೋಗು!" ತಾನೇ ಹೇಳಿಕೊಂಡ, "ಹೋದೆ!"

ಇತ್ತ ದಂಡೆಯಲ್ಲಿ ದ್ಯಾವೀರಿಯ ಕೈಯೊಳಗೆ ರಾಟೆ ಹಗುರಾಯಿತು. ಹಗ್ಗ ಸಡಿಲವಾಗಿ ಅಂಚಿನ ಮೇಲೆ ಬಿತ್ತು. ತೊಗಟೆ ಅವಳ ಎದೆಗೆ ಬಂದಿತ್ತು. ದಂಡೆಯ ಸುತ್ತ ಬೇರು ಬಿಟ್ಟು ನಿಂತವರು, "ಹೋದ ಪಾಪ," ಅಂದರು.

ನಾಳೆಗಾರ ಅವಳ ಮುಂದೆ ಬೋಗುಣಿ ಹಿಡಿದ. "ನೋಡು ತಾಯಿ. ಬಿದ್ದನೋ, ಬದುಕಿದನೋ? ನಿನ್ನ ಹತ್ತಿರ ಹೆಜ್ಜೆ ಇಲ್ಲ, ಗೊತ್ತು. ಬಿಟ್ಟಿಯಾಗಿ ತೋರಿಸ್ತೀನಿ. ತಿಳಕೊಂಡರೆ ಜೀವಕ್ಕೆ ಸಮಾಧಾನ. ರಾಟೆ ಬಿಟ್ಟು ಸ್ವಲ್ಪ ಬಗ್ಗು."

ದ್ಯಾವೀರಿಯ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಅವಳು ಬಗ್ಗಲಿಲ್ಲ. "ಅವನಿಗೆ ಜ್ವರ ಬಂದಾಗ ದಿನಾ ಬಂದು ನಿನ್ನ ನೀರು ನೋಡಿದೆ. ಅಷ್ಟು ಹೊತ್ತು ಅವನ ಹಣೆಗೆ ಒದ್ದೆ ಬಟ್ಟೆ ಹಾಕೋರು ಇರಲಿಲ್ಲ. ಆ ಬುದ್ಧಿಗೇಡಿತನ ಇನ್ನು ಮಾಡಲ್ಲ. ಅವನು ಇದ್ದರೆ ಈ ರಾಟೆ ಸದ್ದು ಅವನಿಗೆ ಬೇಕು. ಇಲ್ಲದಿದ್ದರೆ... ಆಗಲೂ ತಿರುಗಿಸ್ತೀನಿ. ಆ ಕಡೆ ಸರಿ, ಕೈಗೆ ಅಡ್ಡ ಆಗ್ತೀಯ."

ಖಾಲಿ ರಾಟೆ ಕಿರ್ರೋ ಅಂತ ತಿರುಗುತ್ತಲೇ ಇತ್ತು.

ನಾಳೆಗಾರನಿಗೆ ಆಗ ಒಂದು ಹೊಸ ವಿಷಯ ಅನುಭವಕ್ಕೆ ಬಂತು. ಅದರ ಹೆಸರು ಹೆದರಿಕೆ. ಆ ಹುಡುಗ ಬಿದ್ದನೋ ದಾಟಿದನೋ? ಇವಳು ಹೇಳುತ್ತಿಲ್ಲ, ನೋಡುತ್ತಲೂ ಇಲ್ಲ. ಯಾವತ್ತೂ ತನ್ನ ಬೋಗುಣಿಗೆ ತಾನು ಬಗ್ಗದವನು ಮೊದಲ ಸಲ ಬಗ್ಗಿದ. ದೊಡ್ಡಿಯ ಬಾಗಿಲ ಅಗುಳಿಯ ಮೇಲೆ ಒಂದು ಕೈ ಕಂಡಿತು. ಮುಂದೇನು? ಮತ್ತೆ ಬಗ್ಗಿದ. ಆಮೇಲೇನು? ಮತ್ತೆ ಬಗ್ಗಿದ. ಬೋಗುಣಿಗೆ ಒಡೆಯ ಅಂತ ಭೇದ ಇಲ್ಲ. ನೋಡಿದಷ್ಟು ಸಲವೂ ಅದು ಹೆಜ್ಜೆ ಕೇಳಿತು, ಅವನ ಬಳಿ ಸ್ವಂತದ್ದು ಒಂದೂ ಇರಲಿಲ್ಲ. ಅವನು ಏಳಲು ಹೋದಾಗ ಪಾದ ನೆಲಕ್ಕೆ ಅಂಟಿತ್ತು.

ಅಲ್ಲಿ ಮಂಜಿನಾಚೆ ಜಡೆಯನ ಹಿಮ್ಮಡಿಗೆ ಹುಲ್ಲು ತಾಗಿತ್ತು. ಒದ್ದೆ ಹುಲ್ಲು. ಅವನು ಅಲ್ಲೇ ಕುಸಿದು ಕೂತು, ಹುಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ತಿರುಗಿ ನೋಡಿದ. ದೊಡ್ಡ ಹಸಿರು ಬಯಲು, ನಡುವೆ ಕಲ್ಲಿನ ದೊಡ್ಡಿ, ಅದರ ತುಂಬ ಬಿಳಿ ಮರಿಗಳು. ಸಾವಿರಾರು ಮರಿಗಳು, ಒಂದೂ ಅರಚುತ್ತಿಲ್ಲ. ಬಾಗಿಲಿಗೆ ಬೀಗವೂ ಇರಲಿಲ್ಲ. ಬರಿ ಒಂದು ಮರದ ಅಗುಳಿ. ಇಲ್ಲಿಯ ತನಕ ಯಾರೂ ಬರುವುದಿಲ್ಲ ಅಂತ ನಾಳೆಗಾರನಿಗೆ ಅಷ್ಟು ಗಟ್ಟಿ ನಂಬಿಕೆ.

ಜಡೆಯ ಅಗುಳಿ ತೆಗೆದ. ಮರಿಗಳು ಒಂದು ಸಲ ಮೈ ಕೊಡವಿದವು. ಅವುಗಳಿಗೆ ಕಣ್ಣಿರಲಿಲ್ಲ. ಹೆಜ್ಜೆಗೆ ಕಣ್ಣು ಎಲ್ಲಿಂದ ಬರಬೇಕು? ಅವು ಮೂಗು ಮೇಲೆತ್ತಿದವು, ತಮ್ಮ ತಮ್ಮ ಕಾಲಿನ ವಾಸನೆ ಹಿಡಿದವು, ಕಾಣದ ಸೇತುವೆಯ ಮೇಲೆ ಸಾಲು ಹಿಡಿದು ಓಡಿದವು.

ಜಡೆಯ ಬಯಲಿಗೆ ಮುಖ ಮಾಡಿ, ಊರಿಗೆ ಬೆನ್ನು ಮಾಡಿ, ಅವುಗಳ ಹಿಂದೆಯೇ ಹೊರಟ. ಈಗ ಹಗ್ಗವಿಲ್ಲ. ಆದರೆ ಕೂಗು ಮುಟ್ಟದ ಮಂಜಿನೊಳಗಿಂದಲೂ ಒಂದು ಸದ್ದು ತೆಳ್ಳಗೆ ಬರುತ್ತಿತ್ತು. ಕಿರ್ರೋ, ಕಿರ್ರೋ. ಸದ್ದನ್ನು ಬೆನ್ನ ನಡುವಿಗೆ ಇಟ್ಟುಕೊಂಡು, ಎಡಕ್ಕೆ ಸರಿದರೆ ಬಲಕ್ಕೆ ಬಂದು, ಬಲಕ್ಕೆ ಸರಿದರೆ ಎಡಕ್ಕೆ ಬಂದು, ಅವನು ಹಿಂದಕ್ಕೆ ಹಿಂದಕ್ಕೆ ಮನೆಗೆ ನಡೆದ.

ಮಂಜಿನಿಂದ ಮರಿಗಳು ಹೊಳೆಯ ಹಾಗೆ ನುಗ್ಗಿದವು. ಅಡ್ಡ ಸಿಕ್ಕ ಬೋಗುಣಿಯನ್ನು ತುಳಿದು ಬೋರಲು ಹಾಕಿದವು, ಕಪ್ಪು ನೀರನ್ನೆಲ್ಲ ಮಣ್ಣು ಕುಡಿಯಿತು. ನಾಳೆಗಾರ, "ಮುಂದೇನು, ಮುಂದೇನು," ಅನ್ನುತ್ತಿದ್ದ. ಅವನಿಗೆ ಬಲವಾಗಿದ್ದ ಮರಿಗಳೆಲ್ಲ ಅವನನ್ನು ದಾಟಿ ಓಡಿದವು. ಅವನು ಬಗ್ಗಿದಲ್ಲೇ ಒಣಗಿ, ಎಲೆಯಿಲ್ಲದ ಒಂದು ಕರಿ ಮೋಟುಮರವಾದ. ಆಮೇಲೆ ಅಗಸರು ಅದರ ಮೇಲೆ ಬಟ್ಟೆ ಹರವತೊಡಗಿದರು, ಅನ್ನುತ್ತಾರೆ.

ಒಂದೊಂದು ಮರಿಯೂ ತನ್ನ ಒಡೆಯನ ಕಾಲ ಕೆಳಗೆ ನುಸುಳಿ ಮಾಯವಾಯಿತು. ತೊಗಟೆ ಹಪ್ಪಳದ ಹಾಗೆ ಪುಡಿಯಾಗಿ ಉದುರಿತು. ಶೆಟ್ಟಿ ಅಂಗಡಿಯಿಂದ ಹೊರಬಂದ. ಚಿಲಕ ಹಿಡಿದಿದ್ದ ಕಳ್ಳನ ಕಾಲೂ ಬಿಡುಗಡೆಯಾಯಿತು. ಎರಡು ಹೆಜ್ಜೆ ಓಡಿ ನಿಂತು, ತಿರುಗಿ ಬಂದು, ಮುದ್ದೆ ಹಾಕಿದ ಮನೆಯಾಕೆಗೆ ಕೈ ಮುಗಿದು, ಆಮೇಲೆ ಓಡಿದ. ಊರಬಾಗಿಲ ಮರಗಳು ಮೈಮುರಿದು ಮನುಷ್ಯರಾದವು. ಅವರ ಕೂದಲಲ್ಲಿ ಎಲೆ ಹೆಕ್ಕಲು ವಾರವೇ ಹಿಡಿಯಿತು.

ಜಡೆಯನ ಹಿಮ್ಮಡಿ ದಂಡೆಗೆ ಬಂತು. ತಿರುಗಿ ನೋಡುವಷ್ಟರಲ್ಲಿ ಅವನ ಕೆನ್ನೆಗೆ ಫಟೀರಂತ ಒಂದು ಬಿತ್ತು.

"ತುದಿ ಯಾಕೋ ಬಿಟ್ಟೆ? ರಾಟೆ ತಿರುಗುವಾಗ ತುದಿ ಬಿಡು ಅಂತ ಯಾವಳು ಕಲಿಸಿದಳು ನಿಂಗೆ?"

"ನಾರು ಮುಗಿದಿತ್ತು ಅಕ್ಕ."

"ಮುಗಿದರೆ? ಮುಗಿದರೆ ಬಿಟ್ಟುಬಿಡೋದಾ?" ಅಂದಳು ದ್ಯಾವೀರಿ. ಅನ್ನುತ್ತಲೇ ತನ್ನ ಕಾಲ ಮೇಲೆ ತಾನು ನಾಲ್ಕು ಹೆಜ್ಜೆ ನಡೆದು ಬಂದು ಹೊಡೆದದ್ದು ಅಂತ ಅವಳಿಗೇ ಹೊಳೆಯಿತು. ಕಾಲು ನೋಡಿಕೊಂಡಳು. ಆಮೇಲೆ ತಮ್ಮನನ್ನು ತಬ್ಬಿಕೊಂಡು ಜೋರಾಗಿ ಅತ್ತಳು. ಜಡೆಯ ಅಳಲಿಲ್ಲ. ಕೆನ್ನೆ ಉಜ್ಜಿಕೊಳ್ಳುತ್ತ ನಗುತ್ತ ನಿಂತಿದ್ದ.

ರಾಜ ಮಕರಕೇತು ಸಿಂಹಾಸನದಿಂದ ಇಳಿದ. ಮೆಟ್ಟಿಲಲ್ಲಿ ಜಾರಿ ಬಿದ್ದ, ಎದ್ದ, ಮೊಣಕಾಲು ಒರೆಸಿಕೊಂಡು, "ಇಷ್ಟೇನಾ?" ಅಂದ. ಬಿದ್ದರೆ ಇಷ್ಟೇ ಅಂತ ಗೊತ್ತಾಗಲು ಅವನಿಗೆ ಇಷ್ಟು ದಿನ ಬೇಕಾಯಿತು. ಕುಂಟುತ್ತಲೇ ದಂಡೆಗೆ ನಡೆದು ಬಂದು, "ಅರ್ಧ ರಾಜ್ಯ ಕೊಡ್ತೀನಿ ಕಣಪ್ಪ," ಅಂದ.

"ಅರ್ಧ ರಾಜ್ಯ ಇಟ್ಟುಕೊಂಡು ಗುಡಿಸೋರು ಯಾರು ಬುದ್ಧಿ?" ಅಂದಳು ದ್ಯಾವೀರಿ. "ಹಳ್ಳದ ಪಕ್ಕ ಒಂದು ಹೊಲ ಕೊಡಿ. ಪುಂಡಿ ಬೆಳೀತೀವಿ. ಸೇತುವೆಯ ಈ ತುದಿಯಿಂದ ಆ ತುದಿಗೆ ಕೈಹಗ್ಗ ಕಟ್ಟಬೇಕು. ನಾರು ಸಾಲದೆ ನಮ್ಮ ಹುಡುಗ ಬೆತ್ತಲೆ ಆಗೋದರಲ್ಲಿದ್ದ."

ರಾಜ ಹೊಲ ಕೊಟ್ಟ. ಕುದುರೆಗಳು ಕಾಡಿನಿಂದ ಒಂದೊಂದಾಗಿ ವಾಪಸು ಬಂದವು. ಕುರಿಗಳು ಬಯಲಿಗೆ ಹೋದವು. ಮದುವೆಯ ಚಪ್ಪರ ಮತ್ತೆ ಎದ್ದಿತು. ಗಂಡಿನ ಮೋರೆ ಸಿಡುಕಿನದೇ ಆಗಿತ್ತು, ಬಿಸಿಲಿಗೆ ನಿಂತು ಹಾಗಾಗಿತ್ತು, ಊಟವಾದ ಮೇಲೆ ಸರಿಹೋಯಿತು.

ರೈತರು ಬೀಜದ ಮೂಟೆ ಬಿಚ್ಚಿದರು. ಆದರೆ ಹೊಲದ ಅಂಚಿನಲ್ಲಿ ನಿಂತು ಅಭ್ಯಾಸಬಲದಿಂದ ಅತ್ತಿತ್ತ ನೋಡಿದರು. ಒಬ್ಬ ಮುದುಕ ದ್ಯಾವೀರಿಯನ್ನು ಕೇಳಿಯೇಬಿಟ್ಟ.

"ಮಳೆ ಬರ್ತದೇನವ್ವ ಈ ಸಲ? ಬಿತ್ತಿದ್ದು ಹುಟ್ತದಾ?"

"ಗೊತ್ತಿಲ್ಲ ತಾತ."

"ಗೊತ್ತಿಲ್ಲದೆ ಬಿತ್ತೋದು ಹೇಗೆ?"

"ನಾನೂ ಅದನ್ನೇ ಮಾಡ್ತಿದೀನಿ," ಅಂದಳು ದ್ಯಾವೀರಿ, ತನ್ನ ಹೊಲದಲ್ಲಿ ಬಗ್ಗಿ, ಪುಂಡಿ ಬೀಜ ಉದುರಿಸುತ್ತ. "ಬಾ, ಆ ಸಾಲು ನೀನು ಹಿಡಿ."

ಮುದುಕ ಮಡಿಲಿಗೆ ಬೀಜ ತುಂಬಿಕೊಂಡು ಸಾಲು ಹಿಡಿದ. ಅವನ ಹಿಂದೆ ಮತ್ತೊಬ್ಬ, ಅವನ ಹಿಂದೆ ಇನ್ನೊಬ್ಬ. ಸಂಜೆಯ ಹೊತ್ತಿಗೆ ಕೆಂಬೆಟ್ಟದ ಹೊಲಗಳಲ್ಲಿ ಬಿತ್ತದ ಸಾಲು ಒಂದೂ ಉಳಿಯಲಿಲ್ಲ. ಆ ವರ್ಷ ಮಳೆ ಸ್ವಲ್ಪ ತಡವಾಗಿ ಬಂತು, ಆದರೆ ಬಂತು. ಎಲ್ಲರೂ ಹೊಟ್ಟೆ ತುಂಬ ಉಂಡರು, ಕಣ್ಣು ತುಂಬ ನಿದ್ದೆ ಮಾಡಿದರು, ಕಾಲು ತುಂಬ ನಡೆದರು. ಅಕ್ಕ ತಮ್ಮ ಜಗಳವಾಡುತ್ತ, ಹಗ್ಗ ಹೊಸೆಯುತ್ತ, ಬಹಳ ಕಾಲ ಬಾಳಿದರು. ಈ ಕತೆ ಕೇಳಿದವರ ಕಾಲ ಕೆಳಗೂ ಯಾವತ್ತೂ ನೆಲ ಇರಲಿ.